ಹಿಂಪಡೆದ ಲೇಖನ

ಅಕ್ಕನ ಸಂದರ್ಶನ ಮಧ್ಯಾಹ್ನ. ನಾನು ಕೆಲಸ ಮಾಡುವ ಲ್ಯಾಬಿನ ಮೇಡಂ ಅವರ ಲೇಖನ ಜರ್ನಲ್ಲಿಗೆ ಹೋಗಬೇಕಾದದ್ದು ಸಂಜೆಯೊಳಗೆ. ಎರಡೂ ಒಂದೇ ದಿನ, ಒಂದೇ ಕಟ್ಟಡದಲ್ಲಿ, ನಡುವೆ ಒಂದು ಪ್ಲೈವುಡ್ ಗೋಡೆ ಮಾತ್ರ. ಬೆಳಿಗ್ಗೆ ಎದ್ದಾಗ ನನಗಿದು ಒಳ್ಳೆಯ ಶಕುನದ ಹಾಗೆ ಕಂಡಿತ್ತು.

ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಕಂಬಳಿ ಹಾಸಿಕೊಂಡು, ಇಸ್ತ್ರಿ ಆದ ಅಂಗಿಗೇ ಮತ್ತೆ ಇಸ್ತ್ರಿ ಉಜ್ಜುತ್ತಿದ್ದಳು.

“ಸಾಕು ಬಿಡಕ್ಕ, ಸುಟ್ಟುಹೋಗುತ್ತೆ.”

“ಸುಡೋದು ನಂಗೇನು ಹೊಸದಾ,” ಅಂದಳು, ತಲೆ ಎತ್ತದೆ. ಏನೋ ತಮಾಷೆ ಇರಬೇಕು ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ.

ಅಕ್ಕ ಮೀನಿನ ವಯಸ್ಸು ಎಣಿಸುವವಳು. ಮೀನಿನ ತಲೆಯೊಳಗೆ, ಕಿವಿ ಇರಬೇಕಾದ ಜಾಗದಲ್ಲಿ, ಅಕ್ಕಿಕಾಳಿನಷ್ಟು ಒಂದು ಕಲ್ಲಿರುತ್ತದೆ. ಅದನ್ನು ಮುರಿದು, ಸ್ವಲ್ಪ ಕಾಯಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದಲ್ಲಿ ಕಾಣುವ ಹಾಗೆ ವರ್ಷಕ್ಕೊಂದು ಬಳೆ ಕಾಣುತ್ತದೆ. ಇದನ್ನು ಮೊದಲ ಸಲ ಅಜ್ಜಿಗೆ ಹೇಳಿದಾಗ ಅವಳು ಸ್ವಲ್ಪವೂ ಬೆರಗಾಗಿರಲಿಲ್ಲ. “ಮತ್ತೆ? ನೀರೊಳಗೆ ಕೇಳಿದ್ದನ್ನೆಲ್ಲ ಯಾರಿಗೆ ಹೇಳೋದು ಅದು? ಕಿವಿಯಲ್ಲೇ ಕಲ್ಲಾಗುತ್ತೆ,” ಅಂದಿದ್ದಳು. ಅಕ್ಕ ಎಣಿಸುತ್ತಿದ್ದಳು, ನಾನು ಅಜ್ಜಿಯ ಮಾತನ್ನು ನಂಬುತ್ತಿದ್ದೆ. ನಮ್ಮಿಬ್ಬರಿಗೂ ಇರುವ ವ್ಯತ್ಯಾಸ ಅಷ್ಟೇ.

ಹೋದ ವರ್ಷ ಅಕ್ಕ ತನ್ನ ಹಳೆಯ ಲ್ಯಾಬ್ ಬಿಟ್ಟಳು. “ಅಲ್ಲಿ ಹೊಂದಲಿಲ್ಲ,” ಎಂದಷ್ಟೇ ಹೇಳಿದ್ದಳು. ಆಮೇಲೆ ಒಂದು ಕಾಲೇಜಿನಲ್ಲಿ ಗಂಟೆ ಲೆಕ್ಕದ ಪಾಠ, ಇನ್ನೊಂದು ಕಡೆ ಅದೂ ಇಲ್ಲ. ಹಾಕಿದ ಅರ್ಜಿಗಳಿಗೆ ಉತ್ತರ ಬರುತ್ತಿರಲಿಲ್ಲ. ಈ ಹುದ್ದೆಗೆ ಕರೆ ಬಂದದ್ದು ನಮ್ಮ ಮೇಡಂ ಅವರಿಂದ. ಅವರು ಅಕ್ಕನ ಲೇಖನ ಓದಿದ್ದರು. ಒಂದು ದಿನ ನನ್ನ ಮನೆಹೆಸರನ್ನು ಎರಡು ಸಲ ನೋಡಿ, “ಇವಳು ನಿಮ್ಮ ಮನೆಯವಳೇನಮ್ಮ?” ಎಂದು ಕೇಳಿದ್ದರು. ನಾನು ಹೆಮ್ಮೆಯಿಂದ ತಲೆಯಾಡಿಸಿದ್ದೆ. “ನನ್ನ ಲೇಖನದ ಮೂರನೇ ಭಾಗ ಪೂರ್ತಿ ನಿಂತಿರೋದು ಅವಳ ಭುಜದ ಮೇಲೆ. ಅರ್ಜಿ ಹಾಕೋಕೆ ಹೇಳು,” ಅಂದಿದ್ದರು.

“ಇದೂ ಆಗದಿದ್ರೆ ಮೀನಿನ ಸಹವಾಸ ಬಿಟ್ಟೆ,” ಎಂದು ಅಕ್ಕ ಇಸ್ತ್ರಿಪೆಟ್ಟಿಗೆಯ ವಯರು ಸುತ್ತುತ್ತ ಹೇಳಿದಳು. ಅವಳು ಸುಮ್ಮನೆ ಮಾತಿಗೆ ಹೇಳುವವಳಲ್ಲ.

ನನ್ನ ಕೆಲಸ ಹೊರಗಿನವರಿಗೆ ಕೆಲಸದ ಹಾಗೆಯೇ ಕಾಣುವುದಿಲ್ಲ. ಯಾವ ಗಾತ್ರದ ಮೀನಿಗೆ ಬಲೆ ಹಾಕಬಾರದು ಎಂಬುದರ ಬಗ್ಗೆ ಮೇಡಂ ಒಂದು ದೊಡ್ಡ ಸಮೀಕ್ಷಾ ಲೇಖನ ಬರೆದಿದ್ದರು. ಜರ್ನಲ್ಲಿನವರು ಲೇಖನ ಒಪ್ಪಿ, ಪರಾಮರ್ಶನ ಪಟ್ಟಿ ತಮ್ಮ ಶೈಲಿಯಲ್ಲಿಲ್ಲವೆಂದು ವಾಪಸು ಕಳಿಸಿದ್ದರು. ನಾವು ಆಧಾರಗಳಿಗೆ ಅಂಕಿ ಕೊಟ್ಟಿದ್ದೆವು. ಅವರಿಗೆ ಹೆಸರು, ವರ್ಷ ಬೇಕು. ಮೊದಲು ಮನೆಹೆಸರು, ಅಲ್ಪವಿರಾಮ, ಇನಿಷಿಯಲ್ಲು, ಚುಕ್ಕಿ, ಆವರಣದಲ್ಲಿ ವರ್ಷ, ಲೇಖನದ ಹೆಸರು ನೆಟ್ಟಗೆ, ಜರ್ನಲ್ಲಿನ ಹೆಸರು ಓರೆಯಾಗಿ, ಪುಟಗಳ ನಡುವೆ ಗಿಡ್ಡ ಗೆರೆ ಸಲ್ಲದು, ಉದ್ದ ಗೆರೆ. ಆ ಪಟ್ಟಿಯ ಮುಂದೆ ಕೂತಾಗಲೆಲ್ಲ ನನಗೆ ಅಜ್ಜಿಯ ಕಥೆಗಳ ಅರಮನೆ ಬಾಗಿಲು ನೆನಪಾಗುತ್ತಿತ್ತು. ದೇಶದೇಶದವರು ಸಾಲಾಗಿ ನಿಂತು, ಬಾಗಿಲವನು ಕೇಳಿದ ಕ್ರಮದಲ್ಲೇ ತಮ್ಮ ಹೆಸರು ಹೇಳಬೇಕು, ತಪ್ಪಿದವರು ಹೊರಗೆ. ಮನೆಹೆಸರಿಲ್ಲದೆ ಒಂದೇ ಹೆಸರಿರುವವರು ಬಂದರಂತೂ ಸಾಫ್ಟ್‌ವೇರಿಗೆ ತಲೆ ಕೆಡುತ್ತಿತ್ತು, ಅವರನ್ನು ಕತ್ತರಿಸಿ ಅರ್ಧಕ್ಕೆ ಚುಕ್ಕಿ ಇಟ್ಟುಬಿಡುತ್ತಿತ್ತು. ನಾನು ಒಬ್ಬೊಬ್ಬರನ್ನೇ ಹೊಲಿದು ಸರಿಮಾಡುತ್ತಿದ್ದೆ.

ಅದರ ಜೊತೆಗೆ ಒಂದು ಹೇಳಿಕೆ ಇತ್ತು. ಪಟ್ಟಿಯಲ್ಲಿರುವ ಪ್ರತಿಯೊಂದು ಲೇಖನವನ್ನೂ ಮೂಲದಲ್ಲಿ ತೆರೆದು ನೋಡಿದ್ದೇವೆ, ಯಾವುದನ್ನಾದರೂ ದೋಷ ಕಂಡು ಹಿಂಪಡೆಯಲಾಗಿದ್ದರೆ ಹಾಗೆಂದು ಗುರುತಿಸಿದ್ದೇವೆ ಎಂದು ಮೇಡಂ ಸಹಿ ಹಾಕಬೇಕು. ನೋಡುವವಳು ನಾನು, ಸಹಿ ಅವರದು.

ನಮ್ಮ ಉದ್ದ ಕೋಣೆಯಲ್ಲಿ ಆ ಹೊತ್ತಿಗೆ ಇದ್ದವರು ಇಬ್ಬರೇ, ನಾನು ಮತ್ತು ನನಗಿಂತ ಹಿರಿಯನಾದ ಸಂಶೋಧಕ. ಅವನನ್ನು ಎಲ್ಲರೂ ಅಡಿಟಿಪ್ಪಣಿ ಎನ್ನುತ್ತಿದ್ದರು, ಯಾರು ಏನೇ ಹೇಳಿದರೂ ಕೊನೆಯಲ್ಲಿ ಒಂದು ಸಣ್ಣ ಮಾತು ಸೇರಿಸದೆ ಬಿಡುತ್ತಿರಲಿಲ್ಲವೆಂದು. ಅವನ ಹಿಂದೆ ಕಪಾಟಿನ ಜಾಡಿಗಳಲ್ಲಿ ಮೀನುಗಳು ಬಾಯಿ ತೆರೆದು ನಿಂತಿದ್ದವು.

“ಎಲ್ಲಿಗೆ ಬಂತು ಮೆರವಣಿಗೆ?” ಎಂದು ಕೇಳಿದ.

“ಅಕ್ಕನ ಸರದಿ.”

“ಹಾಗಿದ್ರೆ ಒಂದು ಚುಕ್ಕಿ ಜಾಸ್ತಿ ಇಡು. ಮನೆಯವರಲ್ವಾ.”

ಅಕ್ಕನ ಲೇಖನದ ಪುಟ ತೆರೆದೆ. ಹೆಸರು ಸರಿ, ವರ್ಷ ಸರಿ. ಆದರೆ ಮೊದಲ ಪುಟದ ಮೇಲೆ ಓರೆಯಾಗಿ, ಇಡೀ ಹಾಳೆಯನ್ನು ಸೀಳುವಂತೆ, ಕೆಂಪಕ್ಷರದಲ್ಲಿ ಒಂದು ಪದ ಬಿದ್ದಿತ್ತು: ಹಿಂಪಡೆಯಲಾಗಿದೆ. ಎರಡನೆಯ ಪುಟ, ಮೂರನೆಯ ಪುಟ, ಚಿತ್ರಗಳ ಮೇಲೆ, ಕೋಷ್ಟಕಗಳ ಮೇಲೆ, ಕೊನೆಗೆ ಅಕ್ಕ ನಮ್ಮ ಅಪ್ಪ ಅಮ್ಮನಿಗೆ ಹೇಳಿದ ಧನ್ಯವಾದದ ಮೇಲೂ. ಅಜ್ಜಿಯ ಕಥೆಗಳಲ್ಲಿ ಶಾಪ ತಟ್ಟಿದವರಿಗೆ ಸಾವೂ ಇರಲಿಲ್ಲ. ದಾರಿಬದಿಯಲ್ಲಿ ಹೋಗಿ ಬರುವವರಿಗೆಲ್ಲ ಕಾಣುವಂತೆ ನಿಂತಿರಬೇಕು. ಹಿಂಪಡೆದ ಲೇಖನದ ಗತಿಯೂ ಅದೇ. ಅಳಿಸುವುದಿಲ್ಲ. ಯಾರು ಬೇಕಾದರೂ ಓದಬಹುದು, ಆ ಪದದ ಮೂಲಕವೇ ಓದಬೇಕು.

“ಏನಾಯ್ತು? ಮುಖ ಯಾಕೆ ಹಾಗಾಯ್ತು?” ಅಡಿಟಿಪ್ಪಣಿ ಕೇಳಿದ.

“ಏನಿಲ್ಲ,” ಎಂದು ಫೋನು ತೆಗೆದುಕೊಂಡು ಹೊರಗೆ ಬಂದೆ.

ಅಕ್ಕ ಅಷ್ಟು ಹೊತ್ತಿಗಾಗಲೇ ಕಟ್ಟಡದ ಹಿಂದಿನ ಮೆಟ್ಟಿಲ ಮೇಲೆ, ಕಡತವನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ಸಂದರ್ಶನಕ್ಕೆ ಬಹಳ ಮೊದಲೇ ಬಂದುಬಿಟ್ಟಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ಗೊತ್ತಾಯಿತು.

“ನೋಡಿದ್ಯಾ.”

“ಯಾವಾಗ ಆಯ್ತಕ್ಕ ಇದು?”

“ಲ್ಯಾಬ್ ಬಿಡೋಕೆ ಸ್ವಲ್ಪ ಮೊದಲು. ನಾನೇ ಬರೆದು ಕೇಳ್ಕೊಂಡೆ, ವಾಪಸ್ ತಗೊಳ್ಳಿ ಅಂತ. ಅಲ್ಲಿನ ಸರ್ ಮೂರು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಅವರ ಹೆಸರೂ ಅದರಲ್ಲಿತ್ತಲ್ಲ. ಆಮೇಲೆ ಅಲ್ಲಿ ಹೇಗಿರ್ಲಿ?”

“ನಂಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಕಣ್ಣೀರು ಹಾಕ್ತಿದ್ದೆ. ನಿನ್ನ ಸಮಾಧಾನ ಮಾಡೋ ಕೆಲಸ ಬೇರೆ ಆಗ್ತಿತ್ತು ನಂಗೆ.”

ಅದು ಸುಳ್ಳಲ್ಲ.

“ಮೇಡಂಗೆ ಗೊತ್ತಾ?”

ಅಕ್ಕ ಕಡತದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಗೊತ್ತಿರಬಹುದು ಅಂದ್ಕೊಂಡಿದ್ದೆ. ಗೊತ್ತಿದ್ದೂ ಕರೆದಿದ್ದಾರೆ ಅಂದ್ಕೊಂಡು ಒಂದು ವಾರ ಖುಷಿಯಾಗಿದ್ದೆ. ಆಮೇಲೆ ಅವರ ಇನ್ನೊಂದು ಮೇಲ್ ಬಂತು, ಆ ಲೇಖನ ಹೊಗಳಿ. ಆಗ ಗೊತ್ತಾಯ್ತು, ಅವರು ನೋಡಿರೋದು ಹಳೇ ಪ್ರಿಂಟು.”

“ಮತ್ತೆ ಆಗಲೇ ಹೇಳಬೇಕಿತ್ತು.”

“ಹೇಳ್ತೀನಿ. ಸಂದರ್ಶನ ಮುಗೀಲಿ. ಮೊದಲು ನನ್ನನ್ನ ನೋಡ್ಲಿ, ನಾನೇನು ಮಾಡಬಲ್ಲೆ ಅಂತ ಕೇಳ್ಲಿ. ಆ ಪದ ಮೊದಲು ನೋಡಿದವರು ಆಮೇಲೆ ಏನನ್ನೂ ನೋಡಲ್ಲ ಪುಟ್ಟಿ. ಕಳ್ಳತನ ಮಾಡಿದವರಿಗೂ ಅದೇ ಪದ, ತಪ್ಪು ಕಂಡು ತಾನೇ ಹೇಳಿದವರಿಗೂ ಅದೇ ಪದ. ಕೆಳಗೆ ಕಾರಣ ಬರೆದಿರ್ತಾರೆ, ಯಾರು ಓದ್ತಾರೆ?”

“ಅಕ್ಕ, ಮೇಡಂಗೆ ಪಟ್ಟಿ ಸಂದರ್ಶನಕ್ಕೆ ಮೊದಲೇ ಬೇಕಂತೆ. ಒಳಗೆ ಹೋದ್ರೆ ಸಂಜೆವರೆಗೂ ಬರಲ್ಲ ಅಂತ ಈಗಲೇ ಸಹಿ ಹಾಕಿ ಹೋಗ್ತಾರೆ.”

ಕೆಳಗೆ ಸೈಕಲ್ ನಿಲ್ದಾಣದಲ್ಲಿ ಯಾರದೋ ಬೀಗ ಸಿಕ್ಕಿಹಾಕಿಕೊಂಡು, ಅವರು ಅದನ್ನು ಬೈಯುತ್ತಿದ್ದರು.

“ಹಾಗಾದ್ರೆ ಆ ಪದ ಇಲ್ಲದೆ ಕೊಡು. ಸಂಜೆ ಕಳಿಸೋ ಮೊದಲು ಸೇರಿಸಿಬಿಡು. ಯಾರಿಗೆ ಗೊತ್ತಾಗುತ್ತೆ?”

“ಸಹಿ ಅವರದು.”

“ನಾನು ತಪ್ಪು ಮಾಡಿದೆ. ಒಪ್ಕೊಂಡೆ. ಊರಿಗೆಲ್ಲ ಕಾಣೋ ಹಾಗೆ ಒಪ್ಕೊಂಡೆ. ಇನ್ನೆಷ್ಟು ಸಲ ಒಪ್ಕೋಬೇಕು ಹೇಳು?”

ಅವಳು ನನ್ನ ಕೈ ಹಿಡಿದು ಬಿಟ್ಟಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಮೇಜಿಗೆ ಮರಳಿ ಬಂದಾಗ ಪರದೆ ಹಾಗೆಯೇ ಇತ್ತು, ಅದರ ಮುಂದೆ ಅಡಿಟಿಪ್ಪಣಿ ನಿಂತಿದ್ದ. ಅವನು ತಮಾಷೆ ಮಾಡಲಿಲ್ಲ.

“ಪಟ್ಟಿಯಿಂದಲೇ ಕಿತ್ತುಬಿಡೋಕೆ ಆಗಲ್ವಾ?” ಎಂದು ಮೆಲ್ಲಗೆ ಕೇಳಿದ. “ಬೇರೆ ಯಾವುದಾದ್ರೂ ಲೇಖನ ಆ ಜಾಗದಲ್ಲಿ ಕೂರಿಸು.”

“ಮೂರನೇ ಭಾಗದ ಅಂಕಿ ಇನ್ನೆಲ್ಲೂ ಇಲ್ಲ. ಇವಳದೊಂದೇ. ಮೀನು ಎಷ್ಟು ನಿಧಾನ ಬೆಳೆಯುತ್ತೆ ಅನ್ನೋದು ಇದರಿಂದಲೇ ಬಂದಿರೋದು.”

“ಹಾಗಿದ್ರೆ ಅತ್ತ ದರಿ, ಇತ್ತ ಪುಲಿ.” ತನ್ನ ಜಾಗಕ್ಕೆ ಹೊರಟವನು ತಿರುಗಿ, “ಒಂದು ಅಡಿಟಿಪ್ಪಣಿ: ನಾನೇನೂ ನೋಡಿಲ್ಲ,” ಅಂದ.

ಪದವಿಲ್ಲದೆ ಆ ಸಾಲನ್ನು ಟೈಪು ಮಾಡಿದೆ. ಅಕ್ಕನ ಮನೆಹೆಸರು, ಅಂದರೆ ನನ್ನದೂ; ಅಲ್ಪವಿರಾಮ, ಇನಿಷಿಯಲ್ಲು, ವರ್ಷ. ಚೆನ್ನಾಗಿಯೇ ಕಾಣುತ್ತಿತ್ತು. ಹಿಂದಿನ ಮುಂದಿನ ಸಾಲುಗಳ ನಡುವೆ ಏನೂ ಆಗದವರಂತೆ ನಿಂತಿತ್ತು. ಇದು ಹೀಗೇ ಇದ್ದರೆ ಅಕ್ಕನಿಗೆ ಒಂದು ಮಧ್ಯಾಹ್ನ ಸಿಗುತ್ತದೆ, ಅಷ್ಟೇ ಅವಳು ಕೇಳಿದ್ದು.

ಹಿಂಪಡೆದ ಕಾರಣದ ಸೂಚನೆಯನ್ನು ನಾನಿನ್ನೂ ಓದಿರಲಿಲ್ಲ. ಯಾರು ಓದುತ್ತಾರೆ ಎಂದು ಅಕ್ಕ ಕೇಳಿದ್ದು ನೆನಪಾಗಿ, ನಾಚಿಕೆಯಾಗಿ, ತೆರೆದೆ. ಒಂದೇ ಪ್ಯಾರಾ. ಕಲ್ಲುಗಳನ್ನು ಕಾಯಿಸಿದ ಓವನ್ನಿನ ಶಾಖ ಮೀಟರು ತೋರಿಸಿದ್ದಕ್ಕಿಂತ ಹೆಚ್ಚಿತ್ತು. ಅದರಿಂದ ಕಲ್ಲುಗಳಲ್ಲಿ ಬಳೆಯಂತೆ ಕಾಣುವ ಬಿರುಕುಗಳು ಮೂಡಿದವು. ಮೊದಲ ಲೇಖಕಿ ಇದನ್ನು ಪತ್ತೆ ಮಾಡಿದರು. ಕೊನೆಯ ಸಾಲು ಅಕ್ಕನೇ ಎದುರು ಕೂತು ಹೇಳಿದಂತಿತ್ತು: ಈ ಅಂಕಿಗಳನ್ನು ಇನ್ನು ಯಾರೂ ಬಳಸಬಾರದೆಂದು ಕೇಳಿಕೊಳ್ಳುತ್ತೇವೆ.

ನಾನು ಬಳಸುತ್ತಿದ್ದೆ. ಅವಳು ಕೆಲಸ ಕಳೆದುಕೊಂಡು ಹೇಳಿದ ಮಾತನ್ನು, ಅವಳಿಗೆ ಕೆಲಸ ಕೊಡಿಸಲೆಂದು ನಾನೇ ಮುಚ್ಚುತ್ತಿದ್ದೆ.

ಜರ್ನಲ್ಲಿನ ನಿಯಮ ನೋಡಿ, ಆ ಪದವನ್ನು ಅದು ಇರಬೇಕಾದ ಜಾಗದಲ್ಲಿಟ್ಟೆ. ಅದರ ಕೆಳಗೆ ಸೂಚನೆಯನ್ನೂ ಬೇರೆ ಆಧಾರವಾಗಿ ಸೇರಿಸಿದೆ. ಮುದ್ರಣ ಯಂತ್ರದಿಂದ ಹಾಳೆಗಳು ಇನ್ನೂ ಹೊರಬರುತ್ತಿರುವಾಗಲೇ ಮೇಡಂ ಬಂದರು.

“ಆಯ್ತೇನಮ್ಮ?”

“ಆಯ್ತು ಮೇಡಂ. ಒಂದು ವಿಷಯ...”

ಅವರು ಆಗಲೇ ಪೆನ್ನು ತೆರೆದಿದ್ದರು. ಮೇಡಂ ಪಟ್ಟಿ ಓದುವ ರೀತಿಯೇ ಬೇರೆ. ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ, ಪದ ಬಿಟ್ಟು ಚುಕ್ಕಿಗಳನ್ನೇ ನೋಡುತ್ತಾರೆ. “ಇಲ್ಲಿ ಗೆರೆ ಗಿಡ್ಡ ಆಯ್ತು. ಇದು ಓರೆ ಇರಬೇಕಲ್ವಾ? ನಿದ್ದೆ ಮಾಡ್ತಿದ್ಯಾ?” ಎನ್ನುತ್ತ ಅಕ್ಕನ ಪುಟಕ್ಕೆ ಬಂದರು. ಪೆನ್ನಿನ ತುದಿ ಆ ಸಾಲಿನ ಪಕ್ಕದಲ್ಲೇ ಇಳಿಯಿತು, ಎರಡು ಸಾಲು ಕೆಳಗೆ ಒಂದು ಅಲ್ಪವಿರಾಮಕ್ಕೆ ಸುತ್ತು ಹಾಕಿತು, ಮುಂದೆ ಹೋಯಿತು.

“ಮೇಡಂ, ಮೂರನೇ ಭಾಗದಲ್ಲಿ...”

“ಅವರೆಲ್ಲ ಬಂದಾಯ್ತು, ನಿರ್ದೇಶಕರು ಗಡಿಯಾರ ನೋಡ್ತಾ ಕೂತಿದ್ದಾರೆ. ಮೂರನೇ ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡ.” ಹೇಳಿಕೆಯ ಕೆಳಗೆ ಸಹಿ ಹಾಕಿ, ಅದನ್ನು ನನ್ನ ಮೇಜಿನ ಮೇಲಿಟ್ಟು, ಪಟ್ಟಿಯನ್ನು ಮಾತ್ರ ಕಂಕುಳಲ್ಲಿ ಹಿಡಿದರು. “ಒಳಗೆ ಸಮಯ ಸಿಕ್ಕರೆ ಇನ್ನೊಮ್ಮೆ ನೋಡ್ತೀನಿ.”

ಪಕ್ಕದ ಕೋಣೆಯ ಬಾಗಿಲು ಮುಚ್ಚಿತು.

ಸಹಿ ಬಿದ್ದಾಗಿತ್ತು, ಪದ ಪಟ್ಟಿಯಲ್ಲಿತ್ತು. ನನ್ನ ಕೆಲಸ ನಿಯಮದ ಪ್ರಕಾರ ಮುಗಿದಿತ್ತು. ಸುಮ್ಮನಿದ್ದರೆ ಯಾರೂ ನನ್ನನ್ನು ಏನೂ ಕೇಳುವಂತಿರಲಿಲ್ಲ. ಆದರೆ ಆ ಹಾಳೆಗಳು ಈಗ ಅಕ್ಕ ಕೂರುವ ಮೇಜಿನ ಮೇಲಿರುತ್ತವೆ, ಯಾವ ಗಳಿಗೆಯಲ್ಲಾದರೂ ಮೇಡಂ ಅವನ್ನು ತಿರುವಬಹುದು, ಅಕ್ಕನಿಗೆ ಮಾತ್ರ ಅದು ಗೊತ್ತಿರುವುದಿಲ್ಲ. ಎದ್ದು ಓಡಿದೆ.

ಅವಳು ಕೋಣೆಯ ಹೊರಗಿನ ಬೆಂಚಿನಲ್ಲಿದ್ದಳು. ಪಕ್ಕದಲ್ಲಿ ಇನ್ನೊಬ್ಬ ಅಭ್ಯರ್ಥಿ ತುಟಿ ಅಲುಗಿಸುತ್ತ ಏನೋ ಬಾಯಿಪಾಠ ಮಾಡುತ್ತಿದ್ದ.

“ಹಾಕಿದೀನಿ ಅಕ್ಕ,” ಎಂದು ಅವಳ ಕಿವಿಯ ಹತ್ತಿರ ಹೇಳಿದೆ. “ಪಟ್ಟಿ ಅವರ ಕೈಲಿದೆ. ಇನ್ನೂ ನೋಡಿಲ್ಲ. ನೋಡಬಹುದು.”

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಕಿವಿಗಳು ಮಾತ್ರ ಕೆಂಪಾದವು. ಚಿಕ್ಕಂದಿನಿಂದ ಅವಳಿಗೆ ಸಿಟ್ಟು ಬಂದರೆ ಹಾಗೆಯೇ.

“ಒಂದು ಮಧ್ಯಾಹ್ನ ಕೇಳಿದ್ದೆ ನಿನ್ನ,” ಅಂದಳು.

“ಸೂಚನೆ ಓದಿದೆ. ಕೊನೇ ಸಾಲು ಓದಿದೆ. ಅದನ್ನ ಬರೆದವಳು ನೀನೇ ಅಲ್ವಾ?”

ಒಳಗಿನಿಂದ ಅವಳ ಹೆಸರು ಕರೆದರು. ಎದ್ದು, ಅಂಗಿಯ ಮುಂಭಾಗ ಜಗ್ಗಿಕೊಂಡು, ನನ್ನ ಕಡೆ ನೋಡದೆ ಹೋದಳು.

ಪ್ಲೈವುಡ್ ಗೋಡೆಗೆ ಕಿವಿಯೇನೂ ಹಚ್ಚಬೇಕಾಗಿರಲಿಲ್ಲ. ಆ ಕಡೆ ಕುರ್ಚಿ ಎಳೆದರೂ ನಮ್ಮ ಜಾಡಿಗಳು ನಡುಗುತ್ತಿದ್ದವು. ಅಡಿಟಿಪ್ಪಣಿ ಎದ್ದು ಹೋಗಿ ಫ್ಯಾನು ಆರಿಸಿ ಬಂದ. ಯಾಕೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲು ನಿರ್ದೇಶಕರ ದನಿ, ಆಮೇಲೆ ಹೊರಗಿನಿಂದ ಬಂದಿದ್ದ ತಜ್ಞರ ಕೆಮ್ಮು. ಓದು, ಅನುಭವ, ಯಾವ ಯಂತ್ರ ಗೊತ್ತು. ಅಕ್ಕ ಚಿಕ್ಕ ಚಿಕ್ಕ ಉತ್ತರ ಕೊಡುತ್ತಿದ್ದಳು, ಸರಿಯಾಗಿ ಕೊಡುತ್ತಿದ್ದಳು. ಒಮ್ಮೆ ಮೂವರೂ ನಕ್ಕದ್ದೂ ಕೇಳಿಸಿತು. ಆಮೇಲೆ ಮೇಡಂ.

“ನಿಮ್ಮ ಆ ಲೇಖನದ ಬಗ್ಗೆ ನಾನು ಇವರಿಗೆ ಹೇಳಿದೀನಿ. ನನ್ನ ಸಮೀಕ್ಷೆಯ ಬೆನ್ನೆಲುಬೇ ಅದು. ಆ ಎಣಿಕೆ ಹೇಗೆ ಮಾಡಿದ್ರಿ, ನೀವೇ ಹೇಳಿ.”

ಒಂದು ಹಾಳೆ ಕೂಡ ಸದ್ದು ಮಾಡಲಿಲ್ಲ. ಅಕ್ಕ ಎಣಿಕೆಯ ವಿಧಾನವನ್ನಷ್ಟೇ ಹೇಳಿ ದಾಟಿಬಿಡಬಹುದಿತ್ತು. ಮೇಡಂ ಕೇಳಿದ್ದೂ ಅಷ್ಟನ್ನೇ. ನಾನು ಮೇಜಿನ ಅಂಚನ್ನು ಹಿಡಿದುಕೊಂಡಿದ್ದೆ.

“ಆ ಲೇಖನ ಈಗಿಲ್ಲ ಮೇಡಂ,” ಎಂದು ಅಕ್ಕನ ದನಿ ಬಂತು. “ನಾನೇ ಹಿಂಪಡೆದೆ.”

“ಏನಂದ್ರಿ?”

“ಎಣಿಕೆ ತಪ್ಪು. ಮೀನಿಗೆ ಇಲ್ಲದ ವಯಸ್ಸನ್ನ ನಾವು ಹಚ್ಚಿದ್ವಿ.”

“ಇದು ನಿಮ್ಮ ಅರ್ಜಿಯಲ್ಲಿ ಎಲ್ಲೂ ಇಲ್ಲ,” ಎಂದರು ನಿರ್ದೇಶಕರು.

“ಹಿಂಪಡೆದದ್ದಕ್ಕೆ ಅರ್ಜಿಯಲ್ಲಿ ಜಾಗ ಇರಲಿಲ್ಲ ಸರ್. ಜಾಗ ಮಾಡ್ಕೊಂಡು ಬರೀಬೇಕಿತ್ತು. ಬರೀಲಿಲ್ಲ. ಅದು ನನ್ನ ತಪ್ಪೇ.”

“ನಿಮ್ಮ ತಂಗಿ ಬೆಳಿಗ್ಗೆಯಿಂದ ಇದೇ ಪಟ್ಟಿ ಮಾಡ್ತಿದ್ದಾಳೆ,” ಮೇಡಂ ದನಿ ಇಳಿದಿತ್ತು. ಅವರ ದನಿ ಇಳಿಯುವುದು ಏರುವುದಕ್ಕಿಂತ ಕೆಟ್ಟದ್ದು. “ಅವಳು ಯಾವಾಗ ಹೇಳಬೇಕು ಅಂತಿದ್ಲು?”

“ಹೇಳಿದಾಳೆ. ನಿಮ್ಮ ಮುಂದಿರೋ ಹಾಳೆಯಲ್ಲಿದೆ. ನಾನು ಬೇಡ ಅಂತ ಕೇಳ್ಕೊಂಡೆ, ಆದ್ರೂ ಹಾಕಿದಾಳೆ.”

ಹಾಳೆ ತಿರುಗುವ ಸದ್ದು. ಒಂದು, ಇನ್ನೊಂದು. ನಿಂತಿತು. ಅಡಿಟಿಪ್ಪಣಿ ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದ.

ತಜ್ಞರು ಕೆಮ್ಮಿ ಕೇಳಿದರು, “ತಪ್ಪು ಹೇಗೆ ಗೊತ್ತಾಯ್ತು?”

“ಒಂದು ಕಲ್ಲು ಉಳಿದಿತ್ತು ಸರ್, ಓವನ್ನಿಗೆ ಹಾಕೋದು ಮರೆತಿದ್ದು. ಅದೇ ಮೀನಿನ ಇನ್ನೊಂದು ಕಿವಿಯ ಕಲ್ಲು ಸುಟ್ಟಿತ್ತು. ಸುಮ್ಮನೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಮೀನು, ಎಡಗಿವಿ ಬಲಗಿವಿಗಿಂತ ವಯಸ್ಸಲ್ಲಿ ದೊಡ್ಡದು ಹೇಗಾಗುತ್ತೆ?”

“ಇಬ್ಬರು ಎಣಿಸೋ ಪದ್ಧತಿ ಇತ್ತಲ್ಲ?”

“ಇತ್ತು. ಇಬ್ಬರಿಗೂ ಅದೇ ಲೆಕ್ಕ ಬಂತು. ಅದಕ್ಕೇ ನಂಬಿದ್ವಿ. ಇಬ್ಬರೂ ಅದೇ ಬಿರುಕನ್ನೇ ಎಣಿಸಿದ್ವಿ.”

“ಅಂಕಿ ತಿದ್ದಬಹುದಿತ್ತಲ್ಲ. ಪೂರ್ತಿ ಯಾಕೆ ಹಿಂದಕ್ಕೆ ತಗೊಂಡ್ರಿ?”

“ತಿದ್ದೋಕೆ ಸುಡದ ಕಲ್ಲು ಬೇರೆ ಉಳಿದಿರಲಿಲ್ಲ. ಒಂದೇ ಕಲ್ಲಿನಿಂದ ಊಹೆ ಮಾಡಬೇಕಾಗ್ತಿತ್ತು. ಊಹೆಯನ್ನ ಎಣಿಕೆ ಅನ್ನೋಕೆ ಮನಸ್ಸು ಬರಲಿಲ್ಲ.”

ಆಮೇಲೆ ಕುರ್ಚಿ ಹಿಂದಕ್ಕೆ ಸರಿಯಿತು, ಅಕ್ಕ ಹೊರಬಂದಳು, ಬಾಯಿಪಾಠದವನು ಒಳಗೆ ಹೋದ. ಅವನ ಉತ್ತರಗಳು ಗಟ್ಟಿಯಾಗಿ, ತಡೆಯಿಲ್ಲದೆ ಬರುತ್ತಿದ್ದವು. ನಾನು ಕಿಟಕಿಯಿಂದ ಇಣುಕಿದೆ. ಅಕ್ಕ ಬೆಂಚಿನಲ್ಲೇ ಇದ್ದಳು. ಹೋಗಿರಲಿಲ್ಲ, ಹೊರಡುವ ಶಕ್ತಿಯೂ ಇದ್ದಂತೆ ಕಾಣಲಿಲ್ಲ. ನಾನು ಹತ್ತಿರ ಹೋದರೆ ಎದ್ದು ಹೋಗುತ್ತಾಳೇನೋ ಎಂಬ ಹೆದರಿಕೆಯಿಂದ ಹೋಗಲಿಲ್ಲ.

ಬಿಸಿಲು ಜಾಡಿಗಳ ಮೇಲಿಂದ ನೆಲಕ್ಕೆ ಇಳಿದಿದ್ದಾಗ ಮೇಡಂ ನನ್ನ ಮೇಜಿಗೆ ಬಂದರು. ಪಟ್ಟಿಯನ್ನು ಬಡಿದಿಡಲಿಲ್ಲ, ಮೆಲ್ಲಗಿಟ್ಟರು.

“ನಾನು ನೋಡದೆ ಸಹಿ ಹಾಕಿದೆ,” ಎಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ. ಆಮೇಲೆ ನನ್ನನ್ನೇ ನೋಡಿ, “ನೀನು ಬಾಯಿಬಿಟ್ಟು ಹೇಳಬೇಕಿತ್ತು.”

“ಹೇಳೋಕೆ ಬಂದೆ ಮೇಡಂ.”

“ಗಟ್ಟಿಯಾಗಿ ಹೇಳಬೇಕಿತ್ತು. ಅಕ್ಕನ್ನ ಕರಿ.”

ಅಕ್ಕ ಬಂದು ನನ್ನ ಕುರ್ಚಿಯ ಹಿಂದೆ ನಿಂತಳು. ಮೇಡಂ ಸುತ್ತಿ ಬಳಸಿ ಮಾತಾಡುವವರಲ್ಲ.

“ಹುದ್ದೆ ಆ ಹುಡುಗನಿಗೆ ಹೋಯ್ತು. ಅವರಿಬ್ಬರಿಗೆ ಒಪ್ಪಿಗೆ ಆಗಲಿಲ್ಲ. ಅರ್ಜಿಯಲ್ಲಿ ಬರೆದಿದ್ರೆ ವಾದ ಮಾಡೋಕೆ ನನ್ನ ಕೈಲಿ ಏನಾದ್ರೂ ಇರ್ತಿತ್ತು.”

“ಸರಿ ಮೇಡಂ,” ಎಂದಳು ಅಕ್ಕ. ಅವಳ ಬೆರಳುಗಳು ನನ್ನ ಕುರ್ಚಿಯ ಬೆನ್ನನ್ನು ಹಿಡಿದದ್ದು ನನಗೆ ಗೊತ್ತಾಯಿತು.

“ಲೇಖನ ಇವತ್ತೇ ಹೋಗಬೇಕು. ಮೂರನೇ ಭಾಗ ಪೂರ್ತಿ ತೆಗೀತೀನಿ, ಆ ಜಾಗದಲ್ಲಿ ಒಂದು ವಾಕ್ಯ. ಟೈಪ್ ಮಾಡಮ್ಮ: ಈ ಮೀನಿನ ಬೆಳವಣಿಗೆಯ ಕುರಿತ ಹಿಂದಿನ ಅಂಕಿಗಳು ನಂಬಲರ್ಹವಲ್ಲ. ಪಕ್ಕದಲ್ಲಿ ಇವರ ಹೆಸರು, ವರ್ಷ.”

ನಾನು ಟೈಪು ಮಾಡಿದೆ. ಅಕ್ಕ ಪರದೆಯ ಕಡೆ ಬಾಗಿದಳು.

“ಇದು ಬೇಡ ಮೇಡಂ.”

“ಯಾಕೆ, ಸುಳ್ಳಾ?”

“ಸುಳ್ಳಲ್ಲ. ಆದ್ರೆ ಓದಿದವರು ಯಾರೋ ನಮ್ಮನ್ನ ಹಿಡಿದುಹಾಕಿದ್ರು ಅಂದ್ಕೊಳ್ತಾರೆ. ಓವನ್ನಿನ ಶಾಖದಿಂದ ತಪ್ಪಾಯ್ತು, ಬರೆದವರೇ ಅದನ್ನ ಕಂಡುಹಿಡಿದು ವಾಪಸ್ ತಗೊಂಡ್ರು. ಅಷ್ಟೂ ಬೇಕು.”

“ಸಮೀಕ್ಷೆಯಲ್ಲಿ ಒಬ್ಬೊಬ್ಬರ ಚರಿತ್ರೆ ಬರೆಯೋಕಾಗಲ್ಲ.”

“ಒಬ್ಬೊಬ್ಬರದ್ದು ಬೇಡ. ನಂದೊಂದೇ.”

“ಪದಗಳ ಮಿತಿ ಇದೆ.”

“ಮೂರನೇ ಭಾಗ ಪೂರ್ತಿ ಹೋಯ್ತಲ್ಲ ಮೇಡಂ. ಬೇಕಾದಷ್ಟು ಪದ ಉಳಿದಿವೆ.”

ಅಡಿಟಿಪ್ಪಣಿಯ ಕಡೆಯಿಂದ ಕೆಮ್ಮಿನ ಹಾಗೆ ಏನೋ ಕೇಳಿಸಿತು. ಮೇಡಂ ತಿರುಗಿ ನೋಡಿದ ಮೇಲೆ ನಿಂತಿತು.

“ನೀವು ಈಗ ಜಗಳ ಆಡೋ ಸ್ಥಿತಿಯಲ್ಲಿದ್ದೀರಾ?” ಎಂದು ಮೇಡಂ ಅಕ್ಕನನ್ನು ಕೇಳಿದರು.

“ಹುದ್ದೆ ಸಿಕ್ಕಿದ್ರೆ ಸುಮ್ಮನಿರ್ತಿದ್ದೆನೋ ಏನೋ,” ಅಂದಳು ಅಕ್ಕ. “ನಿಮ್ಮ ಲೇಖನ ಎಲ್ಲರೂ ಓದ್ತಾರೆ. ಇನ್ನೊಂದು ಕಡೆ ಅರ್ಜಿ ಹಾಕಿದಾಗ ಅವರು ಇದನ್ನೇ ತೆಗೆದು ನೋಡ್ತಾರೆ.”

ಗೋಡೆಯ ಗಡಿಯಾರದ ಕಡೆ ನಾನು ನೋಡಲಿಲ್ಲ. ಅದರ ಸದ್ದು ಕೇಳುತ್ತಿತ್ತು. ಮೇಡಂ ಪಕ್ಕದ ಕುರ್ಚಿ ಎಳೆದು ಕೂತು, ಕೀಲಿಮಣೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಬರೆದರು, ಅಳಿಸಿದರು. ‘ನಂಬಲರ್ಹವಲ್ಲ’ ಹೋಯಿತು. ಶಾಖದ ಮಾತು ಬಂತು. ಆಮೇಲೆ: ಈ ದೋಷವನ್ನು ಮೊದಲ ಲೇಖಕಿಯೇ ಪತ್ತೆಮಾಡಿ ಲೇಖನವನ್ನು ಹಿಂಪಡೆದಿದ್ದಾರೆ, ಮರು ಎಣಿಕೆ ಆಗಬೇಕಿದೆ.

“ಸಾಕಾ?”

ಅಕ್ಕ ಓದಿದಳು. ಇನ್ನೊಮ್ಮೆ ಓದಿದಳು. “ಸಾಕು.”

“ಮರು ಎಣಿಕೆ ಅಂತ ಬರೆದ ಮೇಲೆ ಯಾರಾದ್ರೂ ಎಣಿಸಬೇಕು,” ಎಂದರು ಮೇಡಂ, ಪರದೆಯನ್ನೇ ನೋಡುತ್ತ. “ನಮ್ಮ ಉಗ್ರಾಣದಲ್ಲಿ ಹಳೇ ಕಲ್ಲುಗಳಿವೆ, ಸುಡದೇ ಇರೋವು. ಹುದ್ದೆ ಅಲ್ಲ. ಕೆಲವು ತಿಂಗಳ ಕೆಲಸ. ಸಂಬಳ ಹೇಳೋಕೆ ನಾಚಿಕೆಯಾಗುತ್ತೆ.”

“ಮೊದಲು ಇದು ಹೋಗ್ಲಿ ಮೇಡಂ. ಆಮೇಲೆ ಯೋಚಿಸ್ತೀನಿ.”

ನಾನು ಪಟ್ಟಿಯನ್ನು ಮತ್ತೊಮ್ಮೆ ಹೊಂದಿಸಿದೆ. ಮೂರನೇ ಭಾಗದ ಜೊತೆಗೆ ಹೋದ ಆಧಾರಗಳನ್ನು ಒಂದೊಂದಾಗಿ ತೆಗೆದೆ. ಮೇಡಂ ಹಳೆಯ ಹೇಳಿಕೆಯನ್ನು ಹರಿದು, ಹೊಸದನ್ನು ಮುಂದಿಟ್ಟುಕೊಂಡು, ಈ ಸಲ ಪದಪದವನ್ನೂ ಬೆರಳಿಟ್ಟು ಓದಿ ಸಹಿ ಹಾಕಿದರು. ಅಕ್ಕನ ಸಾಲಿನ ಮೇಲೆ ಅವರ ಬೆರಳು ನಿಂತದ್ದನ್ನು ಮೂವರೂ ನೋಡಿದೆವು.

ಕಳಿಸುವ ಗುಂಡಿ ಒತ್ತಿದೆ. ಎಷ್ಟು ಹೋಯಿತೆಂದು ತೋರಿಸುವ ನೀಲಿ ಪಟ್ಟೆ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಅಕ್ಕ ಹಿಂದಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟಳು. ಭಾರವಾಗಿಯೇ ಇಟ್ಟಳು, ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಒತ್ತಬೇಡ ಇನ್ನೊಂದು ಸಲ,” ಅಂದಳು. “ಹೋಗ್ತಾ ಇದೆ. ಕಾಯಿ.”